ಅಕ್ಕನ ದನಿ ಇರುವ ಎತ್ತರ

ನಮ್ಮವ್ವ ಸತ್ತ ದಿನ ನನ್ನ ಅಕ್ಕನನ್ನು ಕೆಳಗೆ ಇಳಿಯಲು ಬಿಡಲಿಲ್ಲ. ಅವಳು ಅಡುಗೆ ಕೆಲಸಕ್ಕಿದ್ದ ಮೇಲುಬೀದಿಯ ಮನೆಯಲ್ಲಿ ಅವತ್ತು ನಾಮಕರಣವಿತ್ತು. ಒಬ್ಬಟ್ಟು ತಟ್ಟಲು ಬೇರೆ ಕೈ ಇರಲಿಲ್ಲ. ನಮ್ಮ ಕೇರಿಯಲ್ಲಿ ಹೆಣವನ್ನು ಎತ್ತರದ ಹಲಗೆಯ ಮೇಲೆ ಮಲಗಿಸುತ್ತಾರೆ. ಹಿರಿಯ ಮಗನೋ ಮಗಳೋ ಹಲಗೆಯ ಕೆಳಗೆ ಅಂಗಾತ ಮಲಗಿ ಸತ್ತವರನ್ನು ಕಡೆಯ ಸಲ ಕೂಗಬೇಕು. ಅಕ್ಕನ ಜಾಗದಲ್ಲಿ ನಾನು ಮಲಗಿದೆ, ನಾನು ಕೂಗಿದೆ.

ನಮ್ಮೂರು ಗುಡ್ಡದ ಇಳಿಜಾರಿನಲ್ಲಿದೆ, ಅಲ್ಲಿ ಸದ್ದು ಮೇಲಕ್ಕೆ ಮಾತ್ರ ಹೋಗುತ್ತದೆ. ಕೆಳಗೆ ಆಡಿದ ಮಾತು ಮೇಲಿನವರಿಗೆ ಕೇಳುತ್ತದೆ, ಮೇಲೆ ಆಡಿದ್ದು ಕೆಳಗಿನವರಿಗೆ ಕೇಳುವುದಿಲ್ಲ. ಒಂದೇ ನೆಲದ ಮೇಲೆ ನಿಂತವರು ಎಲ್ಲ ಊರಿನ ಜನರಂತೆ ಮಾತಾಡಿಕೊಳ್ಳಬಹುದು, ತಕರಾರಿರುವುದು ಎತ್ತರದ್ದು. ಹಾಗಾಗಿ ನಮ್ಮ ತಾಯಂದಿರು ತೊಟ್ಟಿಲ ಕೆಳಗೆ ಮಲಗಿ ಜೋಗುಳ ಹಾಡುತ್ತಾರೆ. ಶಾಲೆಯಲ್ಲಿ ಮೇಷ್ಟ್ರು ಗುಂಡಿಯೊಳಗೆ ನಿಂತು ಪಾಠ ಮಾಡುತ್ತಿದ್ದರು. ನಾವು ಸುತ್ತಲಿನ ಮೆಟ್ಟಿಲುಗಳಲ್ಲಿ ಕೂತು ಅವರ ಬೋಳುನೆತ್ತಿ ನೋಡಿಕೊಂಡು ಮಗ್ಗಿ ಕಲಿತೆವು. ದೇವರನ್ನು ಗುಡ್ಡದ ತುದಿಗೆ ಇಟ್ಟಿದ್ದಾರೆ. ಅಲ್ಲಿಂದ ಉತ್ತರ ಬರಲಿಲ್ಲವೆಂದು ಯಾರೂ ಬೇಸರಪಡುವುದಿಲ್ಲ. ಕೇರಿಯಲ್ಲಿ ಮಗು ಕೆಮ್ಮಿದರೂ, ಗಂಡ ಹೆಂಡಿರು ಬೈದಾಡಿದರೂ ಮೇಲುಬೀದಿಗೆ ಗೊತ್ತು. ಮೇಲುಬೀದಿಯ ಮದುವೆಯ ಓಲಗ ಕೂಡ ನಮಗೆ ಬರಿಯ ಕೆನ್ನೆಯುಬ್ಬಿಸಿದ ಗಂಡಸರ ಸಾಲು.

ಹಾಗಿದ್ದರೂ ಅವರಿಗೆ ಸಮಾಧಾನವಿಲ್ಲ. ಮೇಲಿನ ಮಾತು ಕೇಳಿದ ಕಿವಿ ಕೆಳಗೆ ಇಳಿಯಬಾರದು ಎಂಬುದು ಮೇಲುಬೀದಿಯ ಕಟ್ಟಳೆ. ನಮ್ಮದೆಲ್ಲ ಅವರಿಗೆ ಪುಕ್ಕಟೆ ಸಿಗಬೇಕು, ಅವರದೊಂದು ಪಿಸುಮಾತೂ ನಮಗೆ ಸಿಗಬಾರದು. ಅದಕ್ಕೇ ಮೇಲೆ ಕೆಲಸಕ್ಕೆ ಹತ್ತಿದ ನಮ್ಮ ಹೆಣ್ಣುಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ, ಪಕ್ಕದ ಮನೆಯ ಹೊಸಿಲನ್ನೂ ಮೆಟ್ಟದೆ ಅಲ್ಲೇ ಮುದುಕಿಯರಾಗುತ್ತಾರೆ. ಅಕ್ಕ ಹತ್ತಿದಾಗ ನಾನು ಇನ್ನೂ ಲಂಗ ಉಡುತ್ತಿದ್ದೆ. ಅವಳ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ಒಮ್ಮೊಮ್ಮೆ ಬಾಯಿ ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ.

ಕೇರಿಯವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅಂಗಳಕ್ಕೆ ಬಂದು, ಗುಡ್ಡದ ಕಡೆ ಮುಖ ಮಾಡಿ ನಿಂತು, ಮೇಲಿರುವ ತಮ್ಮ ತಮ್ಮ ಹೆಣ್ಣುಮಕ್ಕಳಿಗೆ ಆ ದಿನದ್ದನ್ನೆಲ್ಲ ಹೇಳುತ್ತಿದ್ದರು. ಅದಕ್ಕೆ ಮೇಲ್ಮಾತು ಅನ್ನುತ್ತೇವೆ. ಹಿಟ್ಟು ಮುಗಿದದ್ದು, ಮೇಕೆ ಈದದ್ದು, ಯಾರ ಮಗಳು ಮೈನೆರೆದದ್ದು. ಕೇಳಿಸಿತು ಎಂಬ ಗುರುತಿಗೆ ಮೇಲಿನವಳು ಹಿತ್ತಲ ಗೋಡೆಯ ಮೇಲೆ ಒಂದು ಒದ್ದೆ ಬಟ್ಟೆ ಹರವುತ್ತಿದ್ದಳು. ಅಷ್ಟೇ ಉತ್ತರ. ನನ್ನನ್ನು ಸಾಕಿದ ಸಣ್ಣವ್ವ, ಎಂದರೆ ಅವ್ವನ ತಂಗಿ, ಮೇಲ್ಮಾತಿನಲ್ಲಿ ಒಂದೊಂದು ಮಾತಿಗೂ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು.

“ಯಾಕ್ ಸಣ್ಣವ್ವ ಮಧ್ಯ ಮಧ್ಯ ಬಾಯಿ ಮುಚ್ಕೊತೀಯೆ?” ಎಂದು ನಾನು ಕೇಳಿದ್ದೆ.

“ಅವಳೂ ಏನಾರ ಅಂತಿರ್ತಾಳೆ ಕನಮ್ಮಿ. ನಾನೊಬ್ಳೇ ಒದರಿದ್ರೆ ಅವಳ ಮಾತಿಗೆ ಜಾಗ ಬ್ಯಾಡ್ವ?”

ಊರ ನಡುವೆ, ಕೇರಿಗೂ ಮೇಲುಬೀದಿಗೂ ಸೇರಿದ ಹಾಗೆ, ದೊಡ್ಡ ದಿನಸಿ ಅಂಗಡಿಯೊಂದಿದೆ. ಇಳಿಜಾರಿಗೆ ಒರಗಿಸಿ ಕಟ್ಟಿದ್ದು. ಅದರ ತಳದ ಗೋದಾಮಿನ ಬಾಗಿಲು ಕೇರಿಗೆ, ನೆತ್ತಿಯ ಅಂಗಡಿಯ ಬಾಗಿಲು ಮೇಲುಬೀದಿಗೆ. ಕಾಳಿನ ಮೂಟೆ ಕೆಳಗೆ ಬಂದಿಳಿಯುತ್ತದೆ, ನಮ್ಮ ಹೆಂಗಸರು ಮೊರದಲ್ಲಿ ಕೇರಿ ಹಸನು ಮಾಡಿ ತುಂಬುತ್ತಾರೆ, ರಾಟೆಗೆ ಕಟ್ಟಿದ ಹಗ್ಗದಲ್ಲಿ ಚೀಲ ಮೇಲೇರುತ್ತದೆ. ಚೀಲ ಏರುತ್ತದೆ, ಮನುಷ್ಯರು ಏರುವುದಿಲ್ಲ. ಹಿಂಬದಿಯ ಹೊರಗೋಡೆಗೆ ಅಂಟಿಕೊಂಡಂತೆ ಕಲ್ಲಿನ ಮೆಟ್ಟಿಲುಗಳಿವೆ, ಆದರೆ ಅವುಗಳ ಕೆಳಬಾಗಿಲ ಬೀಗದಕೈ ಮ್ಯಾನೇಜರ್ ತಾಂಡವಮೂರ್ತಿಯವರ ಸೊಂಟದಲ್ಲಿ. ಗೋದಾಮಿನವರಿಗೆ ಏನಾದರೂ ಹೇಳಬೇಕಾದರೆ ಅವರು ಇಳಿದು ಬಂದೇ ಹೇಳಬೇಕು, ಬೇರೆ ದಾರಿಯಿಲ್ಲ. ಇಳಿದ ದಿನವೆಲ್ಲ ಅವರ ಮುಖ ಹುಳಿಹುಳಿ. ಅವರ ಕಿವಿ ಮಾತ್ರ ಎಷ್ಟು ಸಲ ಬೇಕಾದರೂ ಇಳಿಯಬಹುದಿತ್ತು. ಕಟ್ಟಳೆ ಇದ್ದದ್ದು ನಮ್ಮ ಕಿವಿಗೆ.

ಹತ್ತನೇ ತರಗತಿ ಮುಗಿಸಿ ಕೆಲಸ ಕೇಳಿಕೊಂಡು ಹೋದ ನನ್ನನ್ನು ಅವರು ಗೋದಾಮಿನ ಬಾಗಿಲಲ್ಲೇ ನಿಲ್ಲಿಸಿ, ಅಪರೂಪಕ್ಕೆ ನಗುತ್ತ ಮಾತಾಡಿದರು.

“ದೇವೀರಿ ಅಂತಲ್ವೇನಮ್ಮ? ಎರಡು ಜಾಗ ಖಾಲಿ ಇದೆ. ಕೆಳಗೆ ಕಾಳು ಕೇರೋದು, ಮೂಟೆ ಬಾಯಿ ಹೊಲೆಯೋದು. ಮೇಲೆ ಪೊಟ್ಟಣ ಕಟ್ಟೋದು. ಎರಡೂ ಕಲಿಯೋರ ಕೆಲಸವೇ, ಭಾರ ಇಲ್ಲ. ಮೇಲಾದರೆ ನೆರಳು, ಏಲಕ್ಕಿ ವಾಸನೆ, ಅಂಗಡಿ ಹಿಂದೆ ಮಲಗಕ್ಕೆ ಒಂದು ಕೋಣೆ. ಯೋಚನೆ ಮಾಡಿ ಸೋಮವಾರ ಹೇಳು.”

“ಮೇಲಿನ ಕಿಟಕಿಗೆ ಏನೇನು ಕಾಣುತ್ತೆ ಬುದ್ಧಿ?” ಎಂದೆ. ಯಾಕೆ ಕೇಳಿದೆನೋ, ಬಾಯಿ ತಾನೇ ಕೇಳಿತು.

“ಪಕ್ಕದ ಮನೆ ಹಿತ್ತಲು. ನಿಮ್ಮಕ್ಕ ಅಡುಗೆಗಿದ್ದಾಳಲ್ಲ, ಅದೇ ಮನೆ. ಹಿತ್ತಲು ನಮ್ಮ ಕಿಟಕಿಗಿಂತ ಕೆಳಗಿದೆ.”

ಕೆಳಗಿದೆ ಎಂಬ ಒಂದು ಮಾತನ್ನು ಅವರು ಬೇಕೆಂದೇ ನಿಧಾನವಾಗಿ ಆಡಿದರು. ಮೇಲಿನ ಕೆಲಸ ಹಿಡಿದರೆ ಅಕ್ಕನ ದನಿ ದಿನವೂ ಕೇಳಬಹುದು. ಆದರೆ ಆಮೇಲೆ ನಾನು ಅವಳಿಗಿಂತ ಮೇಲಿನವಳು. ನನ್ನ ದನಿ ಅವಳಿಗೆ ಎಂದೂ ಮುಟ್ಟುವುದಿಲ್ಲ, ಇಳಿದು ಬಂದು ಅಂಗಳದಲ್ಲಿ ನಿಂತು ಕೂಗುವ ಹಾಗೂ ಇಲ್ಲ. ಕೆಳಗಿನ ಕೆಲಸ ಹಿಡಿದರೆ ಅವಳಿಗೆ ನಾನು ಕೇಳುತ್ತೇನೆ, ನನಗೆ ಅವಳು ಇಲ್ಲ, ಸಾಯುವ ತನಕ. ಕೇಳುವುದು ಬೇಕೋ ಕೇಳಿಸುವುದು ಬೇಕೋ, ಸೋಮವಾರದೊಳಗೆ ಹೇಳಬೇಕಿತ್ತು.

ಸಣ್ಣವ್ವ ಗೋದಾಮಿನಲ್ಲಿ ಮೊರ ಹಿಡಿದೇ ಮುಪ್ಪಾದವಳು. ಅವತ್ತು ಮುದ್ದೆ ಕಟ್ಟುತ್ತ ನನ್ನ ಮಾತೆಲ್ಲ ಕೇಳಿ, ಮುದ್ದೆಯನ್ನು ತಟ್ಟೆಗೆ ಎಸೆದ ಹಾಗೆ ಹಾಕಿದಳು.

“ಹೋಗು, ಏಲಕ್ಕಿ ಮೂಸ್ಕಂಡಿರು. ನಾಳೆ ನಾನು ಸತ್ರೆ ನೀನೂ ಮ್ಯಾಲಿಂದ ಕಣ್ಣೀರು ಸುರಿಸು, ಅದಾದ್ರೂ ಕೆಳಗೆ ಬೀಳ್ತದೆ.”

“ಹಂಗಂದ್ರೆ ಕೆಳಗಿನ ಕೆಲಸನೇ ಹಿಡೀಲಾ?”

“ಹಂಗ್ಯಾಕಂದೆ? ಮೊರ ಹಿಡ್ದು ನನ್ನಂಗೆ ಎದೆ ತುಂಬ ಧೂಳು ತುಂಬ್ಕೊಂಡು ಕೆಮ್ಮು ಅಂದ್ನಾ?” ಮುದ್ದೆಯ ಮೇಲೆ ಸಾರು ಬಿಟ್ಟಳು. “ನಿಮ್ಮಕ್ಕ ಹತ್ತೋ ದಿನ ನಾನೇ ಕನಮ್ಮಿ ತಲೆ ಬಾಚಿ ಕಳ್ಸಿದ್ದು. ಹೊಟ್ಟೆಗಾದ್ರೂ ಆಯ್ತದೆ ಅಂದ್ಕಂಡು. ನನ್ನ ಕೇಳ್ಬ್ಯಾಡ. ನನ್ನ ಬುದ್ಧಿಗೆ ಬೆಲೆ ಇಲ್ಲ.” ಆಮೇಲೆ, “ಒಂದ್ ಮಾತು. ಆ ತಾಂಡವಮೂರ್ತಿ ಸುಮ್‌ಸುಮ್ನೆ ನಗೋನಲ್ಲ. ಕೇರಿ ಹುಡುಗೀನ ಪೊಟ್ಟಣ ಕಟ್ಟಕ್ಕೆ ಕರೆದದ್ದು ನಾ ಕಂಡಿಲ್ಲ,” ಎಂದಳು.

ಅವಳ ಅನುಮಾನಕ್ಕೆ ಕಾರಣವಿತ್ತು. ಅವ್ವನ ಸಾವಿನ ದಿನದಿಂದ ಗೋದಾಮಿನ ಹೆಂಗಸರ ಮಧ್ಯೆ ಒಂದು ಮಾತು ಹುಟ್ಟಿತ್ತು. ಕೇರಿಯಲ್ಲಿ ಇನ್ನೊಂದು ಸಾವಾದಾಗ ಆ ಮನೆಯ ಹೆಣ್ಣುಮಗಳನ್ನು ಕೆಳಗೆ ಬಿಡದಿದ್ದರೆ ಒಂದು ಕಾಳೂ ಮೇಲೆ ಹತ್ತಬಾರದು, ಮೊರಗಳನ್ನೆಲ್ಲ ಬೋರಲು ಹಾಕಿ ಕೂರಬೇಕು. ಕೆಳಗಿನ ಮಾತೆಲ್ಲ ಮೇಲಕ್ಕೆ ಹೋಗುವ ಊರಿನಲ್ಲಿ ಇಂಥದ್ದನ್ನು ಆಡಿಕೊಳ್ಳುವುದು ಸುಲಭವಲ್ಲ. ಹೆಂಗಸರು ಅಕ್ಕಿ ಕೇರುವ ಸದ್ದಿನ ಅಡಿಯಲ್ಲಿ ಆಡುತ್ತಿದ್ದರು. ಮಾತು ಬಂದಾಗ ಎಲ್ಲರ ಮೊರವೂ ಒಟ್ಟಿಗೆ ಜೋರಾಗುತ್ತಿತ್ತು.

ಆ ಸಂಜೆ ಮೇಲ್ಮಾತಿನಲ್ಲಿ ನಾನೇ ಅಕ್ಕನನ್ನು ಕೇಳಿದೆ. “ಅಕ್ಕಾ, ನಾನು ಮೇಲೆ ಬರ್ಲಾ, ಕೆಳಗೇ ಇರ್ಲಾ? ಬಾ ಅನ್ನೋದಾದ್ರೆ ಬಟ್ಟೆ ಹಾಕು. ಬ್ಯಾಡ ಅನ್ನೋದಾದ್ರೆ ಹಾಕ್ಬ್ಯಾಡ.” ಗುಡ್ಡದ ಮೇಲೆ, ಬೆರಳಷ್ಟು ಕಾಣುವ ಗೋಡೆಯ ಮೇಲೆ ಬಟ್ಟೆ ಬಿತ್ತು. ಅಷ್ಟರಲ್ಲಿ ಅದನ್ನು ತೆಗೆದಳು. ಮತ್ತೆ ಹಾಕಿದಳು. ಮತ್ತೆ ತೆಗೆದಳು. ಕತ್ತಲು ಕವಿದು ಗೋಡೆಯೇ ಕಾಣದಾಗುವವರೆಗೂ ಅದು ಹಾಗೇ ನಡೆಯಿತು. “ಪಾಪ, ಆ ಬಟ್ಟೆಗಾದ್ರೂ ಒಂದು ಬಿಡುವು ಬ್ಯಾಡ್ವ,” ಎಂದು ಸಣ್ಣವ್ವ ನಗಲು ನೋಡಿದಳು, ಆಗಲಿಲ್ಲ, ಒಳಗೆ ಹೋದಳು.

ಸೋಮವಾರ ಸಂಜೆ ನಾನು ತಾಂಡವಮೂರ್ತಿಯವರಿಗೆ ಹೇಳಿದೆ: “ಮೇಲಿನ ಜಾಗ ಒಂದ್ಸಲ ನೋಡಿ ಆಮೇಲೆ ಹೇಳ್ತೀನಿ ಬುದ್ಧಿ.” ಕಟ್ಟಳೆ ಇರುವುದು ಕಿವಿಗೆ, ಬರೀ ನೋಡಿ ಇಳಿದರೆ ತಪ್ಪಾಗಲಾರದು ಎಂದುಕೊಂಡಿದ್ದೆ. ಅವರು ಬೀಗ ತೆಗೆದು ನನ್ನನ್ನು ಮುಂದೆ ಬಿಟ್ಟರು. ನನ್ನ ಮುತ್ತಜ್ಜಂದಿರ ಕಾಲದ ಮೆಟ್ಟಿಲುಗಳು, ಕಲ್ಲು ಹೊತ್ತವರು ನಮ್ಮವರೇ ಇರಬೇಕು. ಅರ್ಧ ದಾರಿಯಲ್ಲಿ ಅಕ್ಕ ಇರುವ ಮನೆಯ ಹಿತ್ತಲು ಎಡಕ್ಕೆ ಸಿಕ್ಕಿತು. ನಡುವೆ ಎದೆಮಟ್ಟದ ಗೋಡೆ. ಒಲೆಯ ಬೂದಿ, ತೊಳೆದಿಟ್ಟ ಹಂಡೆ, ಒಂದು ಕರಿಬೇವಿನ ಗಿಡ, ಯಾರೂ ಇರಲಿಲ್ಲ. ನಿಲ್ಲಲು ಹೋದೆ. “ನಡಿ ನಡಿ,” ಎಂದು ಹಿಂದಿನಿಂದ ಅವರ ದನಿ ಏರಿಬಂತು.

ಮೇಲಿನ ಕೋಣೆ ಚೆನ್ನಾಗಿತ್ತು. ಸುಳ್ಳು ಹೇಳಲಾರೆ. ತಣ್ಣಗಿನ ನೆಲ, ಹಿತ್ತಾಳೆ ತಕ್ಕಡಿ, ಹಳೆಯ ಪೇಪರಿನ ಕಟ್ಟು, ದಾರದ ಉಂಡೆ, ಜೀರಿಗೆ ಏಲಕ್ಕಿ ಸೋಂಪಿನ ಡಬ್ಬಗಳು. ನಮ್ಮ ಹೆಂಗಸರು ಕಲ್ಲು ಆರಿಸಿ ಕಳಿಸಿದ ಅಕ್ಕಿ ಮೂಲೆಯಲ್ಲಿ ಮಲ್ಲಿಗೆಯಂತೆ ಬಿದ್ದಿತ್ತು. ಮೂಲೆಯ ನೆಲದಲ್ಲಿ ಒಂದು ಕಿಂಡಿ, ಹಗ್ಗ ಬರುವುದಕ್ಕೆ. ಅದರಿಂದ ಗೋದಾಮಿನ ಸದ್ದು ಮೇಲೆ ಬರುತ್ತಿತ್ತು. ಆ ವಾರ ಕಾಳು ಹೆಚ್ಚು ಬಂದಿದ್ದರಿಂದ ಹೆಂಗಸರು ಇನ್ನೂ ಕೆಲಸದಲ್ಲಿದ್ದರು.

ದೀಪದ ಹೊತ್ತಾಯಿತು. ಮೊದಲು ಕೇರಿಯ ಮೇಲ್ಮಾತು ಎದ್ದಿತು. ಅದು ಮೇಲಿನಿಂದ ಹೇಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ನೂರು ಅಂಗಳಗಳ ಮಾತು ಒಟ್ಟಿಗೆ ಕುದಿಯುವ ಅಂಬಲಿಯ ಹಾಗೆ ಏರಿ ಬಂತು. ಮೇಲುಬೀದಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಯಾರೋ “ಶುರುವಾಯ್ತು ಇವರದ್ದು,” ಎಂದು ಗೊಣಗಿದ್ದು ಕೇಳಿತು. ಆಗ ಹಿತ್ತಲುಗಳ ಬಾಗಿಲು ತೆರೆದವು. ಪ್ರತಿ ಹಿತ್ತಲಿಗೂ ಒಬ್ಬೊಬ್ಬಳು ಒದ್ದೆ ಬಟ್ಟೆ ಹಿಡಿದುಕೊಂಡು ಬಂದಳು. ಬಂದು, ಉತ್ತರ ಕೊಡತೊಡಗಿದರು.

ಇದನ್ನು ನಾನು ಹೇಗೆ ಹೇಳಲಿ. ಅಷ್ಟು ವರ್ಷವೂ ಅವರು ಉತ್ತರ ಕೊಡುತ್ತಲೇ ಇದ್ದರು. ಯಾರಿಗೂ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ, ಕೆಳಗೆ ಮಾತು ನಿಲ್ಲಿಸಿದ ಕಡೆ ಇವರು ಶುರುಮಾಡುತ್ತಿದ್ದರು. “ಮೇಕೆಗೆ ಬೆಲ್ಲ ತಿನ್ಸು ಅಪ್ಪಯ್ಯ.” “ಅಯ್ಯೋ, ಅಲ್ಲಿಗೇ ಕೊಡ್ಬೇಕಿತ್ತಾ ಹುಡುಗೀನ, ಆ ಕುಡುಕನ ಮನೆಗೆ.” “ನಂಗೇನಾಗದೆ, ಚೆಂದಾಗಿವ್ನಿ.” ಚೆಂದಾಗಿವ್ನಿ ಎಂದವಳ ಕೈಗೆ ಬಟ್ಟೆ ಸುತ್ತಿತ್ತು, ಸುಟ್ಟಿತ್ತೋ ಏನೋ.

ನನ್ನ ಕಿಟಕಿಯ ಕೆಳಗಿನ ಹಿತ್ತಲಿಗೆ ನಮ್ಮವ್ವ ಬಂದು ನಿಂತಳು. ನಡಿಗೆ ಅವ್ವನದು, ಸೊಂಟಕ್ಕೆ ಸೆರಗು ಸಿಕ್ಕಿಸಿದ ರೀತಿ ಅವ್ವನದು. ಅಕ್ಕ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಗೋದಾಮಿನೊಳಗಿಂದಲೇ ಸಣ್ಣವ್ವ ಮೇಲ್ಮಾತು ಶುರುಮಾಡಿದ್ದಳು, ಕೆಮ್ಮಿ ಕೆಮ್ಮಿ: “ಕೂಸೇ, ಇವತ್ತು ಮಡಕೆ ಒಡೀತು.” ನಿಲ್ಲಿಸಿದಳು.

“ಹೊಸದಾ, ಹಳೇದಾ?” ಎಂದಳು ಅಕ್ಕ.

ಅದು ಅಕ್ಕನ ದನಿ. ಒರಟಾಗಿತ್ತು, ಹೊಗೆ ಕುಡಿದಿತ್ತು, ತುದಿಯಲ್ಲಿ ಮಾತ್ರ ಹಳೆಯ ಹುಡುಗಿ.

“ಹೊಸದೇ ಕನವ್ವ, ಸಂತೇಲಿ ತಂದದ್ದು,” ಎಂದಳು ಸಣ್ಣವ್ವ, ಕೇಳಿಸಿಕೊಂಡವಳ ಹಾಗೆಯೇ.

“ನಿನ್ ಕೈಯೇ ಅಂಥದ್ದು ಬುಡು,” ಎಂದು ಅಕ್ಕ ನಕ್ಕಳು.

ನಾನು ಕಿಟಕಿಯ ಸರಳು ಹಿಡಿದು “ಅಕ್ಕಾ” ಎಂದು ಕಿರುಚಿದೆ. ನನ್ನ ಸಮಕ್ಕಿದ್ದ ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ನನಗಿಂತ ಕೆಳಗಿದ್ದ ಅಕ್ಕನ ಕೂದಲೂ ಅಲುಗಲಿಲ್ಲ. ಅವಳು ಕೇರಿಯ ಕಡೆಗೇ ಕುತ್ತಿಗೆ ಚಾಚಿ ನಿಂತಿದ್ದಳು. “ದೇವೀರಿ ಎಲ್ಲಿ ಸಣ್ಣವ್ವ? ಅವಳ ದನಿ ಇಲ್ವಲ್ಲ ಇವತ್ತು. ಮೈಗೆ ಹುಷಾರಿಲ್ವಾ?” ಎಂದಳು. ಸಣ್ಣವ್ವನ ಕೆಮ್ಮು ಮಾತ್ರ ಏರಿಬಂತು. “ಮಾತಾಡಮ್ಮಿ ದೇವೀರಿ, ಒಂದು ಮಾತಾಡು,” ಎಂದಳು ಅಕ್ಕ. ನಾನು ಮತ್ತೆ ಮತ್ತೆ ಕೂಗಿದೆ. ಅವಳು ಬಟ್ಟೆಯನ್ನು ಗೋಡೆಗೆ ಹಾಕದೆ ಕೈಯಲ್ಲೇ ಹಿಂಡುತ್ತ ನಿಂತಳು.

ಆಗ ಕಿಂಡಿಯಿಂದ ಮೊರಗಳ ಸದ್ದು ಒಮ್ಮೆಲೇ ಜೋರಾಯಿತು. ಅದರ ನಡುವಿನಿಂದ ಒಂದು ದನಿ ಮೇಲೆ ಬಂತು: “ಯಾರದೇ ಸಾವಾಗ್ಲಿ, ಹೆಣ್ಮಗಳು ಇಳೀದೆ ಕಾಳು ಹತ್ತಲ್ಲ. ಮೊದಲು ಮೊರ ಬೋರಲು ಹಾಕೋಳು ನಾನೇ.”

ತಾಂಡವಮೂರ್ತಿಯವರು ಕಿಂಡಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. “ಕೇಳ್ತಾ? ದಿನಾ ಬರುತ್ತೆ ಈ ದನಿ. ಯಾರದು?” ಎಂದರು.

ನಾನು ಕಿಟಕಿಯ ಸರಳು ಬಿಡಲಿಲ್ಲ.

“ನೋಡಮ್ಮ, ನಮಗೆ ನಿಮ್ಮೋರ ದನಿಯೆಲ್ಲ ಒಂದೇ ಥರ ಕೇಳುತ್ತೆ. ಯಾರು ಅಂತ ಬಿಡಿಸಿ ಹೇಳೋಕೆ ಕೇರಿ ಕಿವಿನೇ ಬೇಕು. ಪೊಟ್ಟಣ ಕಟ್ಟೋದು ಯಾರಾದರೂ ಕಟ್ಟುತ್ತಾರೆ. ನಿನ್ನನ್ನ ಕರೆದಿರೋದು ಇದಕ್ಕೆ. ಇಲ್ಲಿ ಕೂರು, ಕೇಳು, ಹೇಳು. ಕಿಟಕಿಯಲ್ಲಿ ನಿಮ್ಮಕ್ಕ, ಕಿಂಡಿಯಲ್ಲಿ ಇವರು. ಯಾರದು ಅದು?”

ದಿನವೂ ಮುಂಜಾನೆ ಇವರೆದುರು ನಿಂತು “ಬಂದೆ ಬುದ್ಧಿ” ಎನ್ನುವ ದನಿ ಅದು. ಈಗಷ್ಟೇ ಮಡಕೆ ಒಡೆದ ಸುದ್ದಿ ಹೇಳಿದ ದನಿ. ಇವರು ಅದನ್ನು ಇಷ್ಟು ವರ್ಷ ಕೇಳಿಯೂ ಕೇಳಿರಲಿಲ್ಲ. ನನಗೆ ಸಿಟ್ಟಿಗಿಂತ ಮೊದಲು ಆಶ್ಚರ್ಯ ಬಂತು, ಆಮೇಲೆ ಸಿಟ್ಟು ಬಂತು, ಬಂದದ್ದು ಇವತ್ತಿಗೂ ಹೋಗಿಲ್ಲ.

“ಗೊತ್ತಿಲ್ವಾ?” ಎಂದರು.

“ಗೊತ್ತು. ಹೇಳಕಿಲ್ಲ.”

“ಹಾಗಾದರೆ ಸುಮ್ಮನೆ ಪೊಟ್ಟಣ ಕಟ್ಟು. ಒಂದು ವಾರ ಅಕ್ಕನ ದನಿ ಕೇಳಿದ ಮೇಲೆ ತಾನೇ ಬಾಯಿ ಬಿಡ್ತೀಯ. ಕೆಳಗಂತೂ ಹೋಗೋ ಹಾಗಿಲ್ಲ, ಗೊತ್ತಲ್ಲ? ಮೇಲಿನದು ಕೇಳಿದ್ದಾಯ್ತು.”

ಅದು ಬೆದರಿಕೆಯಲ್ಲ, ನನ್ನನ್ನು ಚೆನ್ನಾಗಿ ಅಳೆದು ಆಡಿದ ಮಾತು. ಇನ್ನೊಂದು ಗಳಿಗೆ ಆ ಕಿಟಕಿಯ ಹತ್ತಿರ ನಿಂತಿದ್ದರೆ ನಾನು ಅಲ್ಲೇ ಉಳಿಯುತ್ತಿದ್ದೆ. ಅಕ್ಕ ಇನ್ನೂ ನನ್ನ ಹೆಸರು ಕರೆಯುತ್ತಿದ್ದಳು. ನಾನು ಕಿವಿ ಮುಚ್ಚಿಕೊಂಡು ಮೆಟ್ಟಿಲ ಕಡೆ ನಡೆದೆ. “ಏಯ್, ನಿಲ್ಲು,” ಎಂದು ಅವರು ಕೂಗಿದ್ದು ಕೈಬೆರಳ ಸಂದಿಯಿಂದ ಕೇಳಿತು. ಮೊದಲ ಮೆಟ್ಟಿಲು ಇಳಿದೆ. ಕೈ ತೆಗೆದೆ. ತಿರುಗಿ ನೋಡಿದರೆ ತಾಂಡವಮೂರ್ತಿಯವರು ಬಾಗಿಲಲ್ಲಿ ನಿಂತು ಬಾಯಿ ಅಗಲಿಸಿ ಮುಚ್ಚುತ್ತಿದ್ದರು, ಕತ್ತಿನ ನರ ಉಬ್ಬಿತ್ತು, ಒಂದು ಅಕ್ಷರವೂ ಇಳಿದು ಬರಲಿಲ್ಲ.

ಅಕ್ಕನ ದನಿ ಇನ್ನೂ ಇತ್ತು. ಒಂದೊಂದು ಮೆಟ್ಟಿಲು ಇಳಿದಾಗಲೂ ಇದೇ ಕೊನೆಯದು, ಇನ್ನು ನಿಲ್ಲುತ್ತದೆ ಎಂದುಕೊಂಡು ಕಾಲಿಡುತ್ತಿದ್ದೆ. ಕೆಳಗೆ ಹೋದರೆ ಸಣ್ಣವ್ವ, ಮೊರ, ಅಂಗಳ, ನನ್ನ ದನಿ ಅಕ್ಕನಿಗೆ. ಆದರೆ ಈ ಒರಟು ದನಿ ಇಲ್ಲ. ಹಾಗೆ ಇಳಿಯುತ್ತ ಹಿತ್ತಲ ಗೋಡೆಯ ಪಕ್ಕಕ್ಕೆ ಬಂದೆ. ಗೋಡೆಯಾಚೆ ಅಕ್ಕ ಬೆನ್ನು ಮಾಡಿ ನಿಂತಿದ್ದಳು. ಅವಳ ಕಾಲ ಕೆಳಗಿನ ಚಪ್ಪಡಿಯೂ ನನ್ನ ಕಾಲ ಕೆಳಗಿನ ಮೆಟ್ಟಿಲೂ ಒಂದೇ ಸಮಕ್ಕಿದ್ದವು. ಹತ್ತುವಾಗ ಅದನ್ನು ನಾನು ಗಮನಿಸಿರಲಿಲ್ಲ.

“ಅಕ್ಕ,” ಎಂದೆ. ಕೂಗಲಿಲ್ಲ, ಮನೆಯೊಳಗೆ ಕರೆಯುವ ಹಾಗೆ ಕರೆದೆ.

ಅವಳು ಮೊದಲು ಕೇರಿಯ ಕಡೆಗೇ ನೋಡಿದಳು. ದನಿ ಅಲ್ಲಿಂದಲೇ ಬಂದು ಅಭ್ಯಾಸ. ಆಮೇಲೆ ಮೆಲ್ಲಗೆ ತಿರುಗಿದಳು. ಕೈಯಲ್ಲಿದ್ದ ಬಟ್ಟೆ ಬಿತ್ತು.

“ಎಷ್ಟು ಉದ್ದ ಆಗಿದ್ದೀಯೆ,” ಎಂದಳು.

“ಕೇಳಿಸ್ತಾ ನಿಂಗೆ?”

“ಕೇಳಿಸ್ತು. ನಿಂಗೆ?”

“ನಂಗೂ.”

ಅಕ್ಕ ಗೋಡೆಯ ಹತ್ತಿರಕ್ಕೆ ಬಂದಳು. “ಉಂಡ್ಯಾ?” ಎಂದಳು. “ಇಲ್ಲ,” ಎಂದೆ. “ಇರು, ಒಂದು ಚೂರು ಮುದ್ದೆ ತತ್ತೀನಿ,” ಎಂದು ಹೊರಟವಳು ಎರಡು ಹೆಜ್ಜೆ ಹಾಕಿ, ಹೋದರೆ ನಾನು ಇರುವುದಿಲ್ಲವೇನೋ ಎಂಬಂತೆ ಹಿಂದಕ್ಕೆ ಬಂದು ಗೋಡೆ ಹಿಡಿದುಕೊಂಡಳು. “ಅವ್ವ ಹೋಗುವಾಗ ನೀನು ಹಲಗೆ ಕೆಳಗಿಂದ ಕೂಗಿದ್ಯಲ್ಲ,” ಎಂದಳು. “ನಾನೂ ಕೂಗ್ತಿದ್ದೆ ಕನಮ್ಮಿ. ನಿನ್ ಜೊತೆಗೇ ಕೂಗ್ತಿದ್ದೆ.” ನಾನು ಗೋಡೆಯ ಮೇಲಿಂದ ಅವಳ ಕೈ ಹಿಡಿದೆ. ಹಿಟ್ಟು ಮೆತ್ತಿದ ಕೈ, ಬಿಸಿಯಾಗಿತ್ತು.

ತಾಂಡವಮೂರ್ತಿಯವರಿಗೆ ನನ್ನ ಜೊತೆ ಮಾತಾಡಬೇಕಾದರೆ ನನ್ನ ಮೆಟ್ಟಿಲಿಗೇ ಇಳಿದು ಬರಬೇಕಿತ್ತು. ಬಂದರು. ಏದುಸಿರು ಬಿಡುತ್ತಿದ್ದರು. ಅತ್ತ ಆ ಮನೆಯ ಮಹಡಿಯಲ್ಲಿ ಯಜಮಾನಿ ನಿಂತು ಒಳಗೆ ಬಾ ಎಂದು ಅಕ್ಕನಿಗೆ ಕೈ ಬೀಸುತ್ತಿದ್ದಳು, ಬಾಯೂ ಆಡುತ್ತಿತ್ತು.

“ಏನು ಆಟ ಇದು?” ಎಂದರು ತಾಂಡವಮೂರ್ತಿ. “ಮೇಲಿನ ಕೆಲಸ ಬೇಕಾದರೆ ಹತ್ತು, ಕಿಂಡಿ ಹತ್ತಿರ ಕೂರು. ಬೇಡ ಅಂದರೆ, ಹಾಳಾಗಿ ಹೋಗ್ಲಿ, ನೀನು ಬಂದಿದ್ದನ್ನ ನಾನು ಯಾರಿಗೂ ಹೇಳಲ್ಲ, ಇಳಿದು ಹೋಗಿ ಮೊರ ಹಿಡಿ. ಎರಡರಲ್ಲಿ ಒಂದು. ಇಲ್ಲಿ ನಿಲ್ಲೋಕೆ ಜಾಗ ಇಲ್ಲ.”

“ಇದೆಯಲ್ಲ,” ಎಂದೆ.

“ಹತ್ತು, ಇಲ್ಲಾ ಇಳಿ!”

“ಹತ್ತಕಿಲ್ಲ,” ಎಂದೆ. “ಇಳಿಯೋದೂ ಇಲ್ಲ.”

ಅಕ್ಕ ಮಹಡಿಯ ಕಡೆ ನೋಡಲೇ ಇಲ್ಲ. ಅವಳು ಗೋಡೆಗೆ ಒರಗಿ ಆ ಚಪ್ಪಡಿಯ ಮೇಲೆ ಕೂತಳು. ನಾನು ಈಚೆ ಮೆಟ್ಟಿಲ ಮೇಲೆ ಕೂತೆ. ತಾಂಡವಮೂರ್ತಿಯವರು ನನ್ನ ರಟ್ಟೆಗೆ ಕೈ ಹಾಕಿ ಏಳು ಎಂದರು. ನಾನು ಏಳಲಿಲ್ಲ.